ಕೊರಳಿನ ಜೋಡಿ ಕಾಳು

ಟ್ಯಾಮ್ಸಿನ್ ಮರಿಯ ಗಲ್ಲವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ತೋರುಬೆರಳಿನಿಂದ ಅದರ ಕೊರಳು ತಡವಿದಳು. ಈಗಷ್ಟೇ ಕೂದಲು ಮೂಡುತ್ತಿದ್ದ ಚರ್ಮದಡಿ ಅವರೆಕಾಳಿನಂಥದ್ದೇನೋ ಜಾರಿತು. ಇನ್ನೊಂದು ಬದಿಯಲ್ಲೂ ಇತ್ತು.

"ಲಾರೀ, ಕೈ ತೊಳ್ಕೊಂಡು ಬಾ ಇಲ್ಲಿ."

ಲಾರಿ ಅವಳ ಸಂಶೋಧನೆಯ ಮಾರ್ಗದರ್ಶಕ. "ಸತ್ತೋಯ್ತಾ?" ಎನ್ನುತ್ತಲೇ ಬಂದ.

"ಸಾಯೋದೆಲ್ಲಿ. ಒಂದು ಬಾಟ್ಲಿ ಖಾಲಿ ಮಾಡಿ ಇನ್ನೊಂದು ಕೇಳ್ತಿದೆ."

ಲೆಕ್ಕದ ಪ್ರಕಾರ ಅದು ಸಾಯಬೇಕಿತ್ತು. ಪುಟ್ಟ ಕಾಂಗರೂವಿನಂಥ ಈ ವಲ್ಲಬಿ ಮರಿಯ ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ಟ್ಯಾಮ್ಸಿನ್ ತಾನೇ ಕತ್ತರಿಸಿ ತೆಗೆದಿದ್ದಳು. ಮಜ್ಜೆಯಲ್ಲಿ ಹುಟ್ಟಿದ ಹಸಿ ಕೋಶಗಳು ಆ ಗ್ರಂಥಿಗೆ ಹೋಗಿ, ತನ್ನದು ಯಾವುದು, ಪರರದು ಯಾವುದು ಎಂದು ಕಲಿತು, ಮೈ ಕಾಯುವ ಕೋಶಗಳಾಗಿ ಹೊರಬರುತ್ತವೆ. ಕಲಿಯದವು ಅಲ್ಲೇ ಸಾಯುತ್ತವೆ. ಗ್ರಂಥಿಯಿಲ್ಲದ ಮೈ ನೆಗಡಿಗೂ ಸೋಲುತ್ತದೆ. ಈ ಮರಿಯೋ, ತಾಯಿ ತನ್ನ ಹೊಟ್ಟೆಚೀಲದಿಂದ ಹೊರಹಾಕಿದ ಮೇಲೆ ಟ್ಯಾಮ್ಸಿನ್‌ಳ ಕೊರಳಿನ ಬಟ್ಟೆಚೀಲದಲ್ಲೇ ಬೆಳೆದು, ಒಂದು ಸೀನೂ ಸೀನಿರಲಿಲ್ಲ. ರಕ್ತ ನೋಡಿದರೆ ಕಲಿತ ಕೋಶಗಳು ಕಿಕ್ಕಿರಿದಿದ್ದವು. ದೇಹದಲ್ಲಿ ಯಾರಿಗೂ ಗೊತ್ತಿಲ್ಲದ ಹೊಸ ಶಾಲೆಯೊಂದಿದೆ ಎಂದು ಇಬ್ಬರೂ ಒಂದು ತಿಂಗಳು ನೆಲದ ಮೇಲೆ ನಡೆದಿರಲಿಲ್ಲ.

ಲಾರಿ ಕಾಳುಗಳನ್ನು ಮುಟ್ಟಿ ನೋಡಿದ. ನಗತೊಡಗಿದ.

"ಇಲಿ ಕೊಯ್ದು ಕೊಯ್ದು ಕೆಟ್ವಿ ಕಣೇ. ಇವುಕ್ಕೆ ಕೊರಳಲ್ಲೂ ಥೈಮಸ್ ಇರುತ್ತೆ. ಎಲ್ಲೋ ಓದಿದ್ದೆ."

"ಓದಿದ್ದೋನು ಬಾಯಿ ಬಿಡೋಕೆ ಏನಾಗಿತ್ತು?"

"ನಿಂಗೂ ಗೊತ್ತಿರುತ್ತೆ ಅಂದ್ಕೊಂಡೆ. ಅಡಿಲೇಡ್‌ನಲ್ಲೇ ಹುಟ್ಟಿದೋಳು, ವಲ್ಲಬಿ ನೋಡ್ಕೊಂಡೇ ಬೆಳೆದೋಳು."

"ನೋಡಿದೀನಿ, ಕೊರಳು ಹಿಸುಕಿರ್ಲಿಲ್ಲ."

"ನಾಳೆ ಕಪ್ಪೆ ಕೇಕು ನಿಂದು."

"ಇಬ್ರದ್ದು. ಅರ್ಧ ಡಬ್ಬಿ ನೀನು ತರ್ಬೇಕು."

ತಪ್ಪು ಮಾಡಿದವರು ಬೆಳಗಿನ ಚಹಾಕ್ಕೆ ಎಲ್ಲರಿಗೂ ಕಪ್ಪೆಯಾಕಾರದ ಹಸಿರು ಕೇಕು ತರಬೇಕೆಂಬುದು ಪ್ರಯೋಗಾಲಯದ ಆ ಮಹಡಿಯ ಕಟ್ಟಳೆ.

ಹೊಸ ಶಾಲೆ ಹೋಯಿತೆಂದು ಟ್ಯಾಮ್ಸಿನ್‌ಗೆ ಯಾಕೋ ಬೇಸರವಾಗಲಿಲ್ಲ. ಬೆರಳನ್ನು ಅಲ್ಲಿಂದ ತೆಗೆಯಲೂ ಮನಸ್ಸಾಗಲಿಲ್ಲ. ಅದರಡಿ, ಈ ಕ್ಷಣದಲ್ಲೂ, ಹಸಿ ಕೋಶಗಳು ಪಾಠ ಕಲಿಯುತ್ತಿದ್ದವು. ಮರಿ ಅವಳ ಹೆಬ್ಬೆರಳು ಚೀಪುತ್ತಿತ್ತು.

ಲಾರಿ ಕೈ ಒರೆಸಿಕೊಂಡ. "ಕೆಲಸ ಏನೂ ಹಾಳಾಗಿಲ್ಲ. ಇವು ಚರ್ಮದ ಕೆಳಗೇ ಇವೆ, ಸುಲಭ. ಸೋಮವಾರ ತೆಗೆದುಬಿಡು. ಆಮೇಲೆ ಮರಿ ಏನಾಗುತ್ತೆ ಅಂತ ಬರೆದ್ರೆ ನಿನ್ನ ಪ್ರಬಂಧ ಮುಗೀತು. ನಿನ್ನ ಹೆಸರೇ ಮೊದಲು, ನಂದು ಕೊನೆಗಿರ್ಲಿ."

ಮರಿ ತಲೆ ಒಳಗೆಳೆದುಕೊಂಡು ಚೀಲದೊಳಗೆ ಪಲ್ಟಿ ಹೊಡೆಯಿತು. ಉದ್ದನೆಯ ಕಾಲೆರಡು ಮಾತ್ರ ಹೊರಗುಳಿದವು. ಟ್ಯಾಮ್ಸಿನ್ ಅವನ್ನೂ ಮಡಚಿ ಒಳಗಿಟ್ಟು, ಚೀಲದ ಬಾಯಿಗೆ ಅಂಗೈ ಮುಚ್ಚಿದಳು.

"ತೆಗೆಯಲ್ಲ," ಎಂದಳು.