ಸೇತುವೆಯ ಆಚೆಗಿನ ಭಾರ

ತೂಕದ ಕಟ್ಟೆಯ ಮುಂದೆ ಸಾಲು ಬೇಗ ಬೇಗ ಕರಗುತ್ತಿತ್ತು. ಯೆನಿಯ ಕೈಯಲ್ಲಿದ್ದ ಪರವಾನಗಿ ಹಾಳೆ ಬೆವರಿಗೆ ಒದ್ದೆಯಾಗಿತ್ತು. ಹಾಳೆಯಲ್ಲಿ ಎಂಟು ಹೊರೆಯಾಳುಗಳ ಹೆಸರುಗಳಿದ್ದವು, ಬಂದವರು ಆರೇ ಜನ. ಹನ್ನೊಂದಕ್ಕೆ ಗೇಟು ಮುಚ್ಚಿದರೆ ಮಾಚು ಪಿಚುವಿಗೆ ನಾಲ್ಕು ದಿನ ನಡೆದು ಹೋಗಬೇಕಾದ ಈ ಗುಂಪಿನ ಸರದಿ ಮುಗಿದಂತೆಯೇ. ಜೂನ್ ತಿಂಗಳಲ್ಲಿ ಇನ್ನೊಂದು ದಿನ ಸಿಗುವುದು ಕನಸಿನ ಮಾತು.

"ಮಾವ, ಇನ್ನಿಬ್ಬರು ಎಲ್ಲಿ?"

ಸತುರ್ನಿನೊ ಅವಳ ತಾಯಿಯ ಅಣ್ಣ. ಐವತ್ತನಾಲ್ಕರ ಆತ ಬಂಡೆಯ ಮೇಲೆ ಕೂತು ಬಲ ಮೊಣಕಾಲಿಗೆ ಬಟ್ಟೆ ಬಿಗಿಯುತ್ತಿದ್ದ.

"ಊರಿಗೆ ಹೋದ್ರು. ಮೊನ್ನೆಯಿಂದ ರಾತ್ರಿ ಹೊತ್ತು ನೀರು ಹೆಪ್ಪುಗಟ್ತಿದೆ. ಆಲೂಗಡ್ಡೆ ಬಯಲಲ್ಲಿ ಹರಡಿದ್ದಾರೆ. ಬೆಳಿಗ್ಗೆ ತುಳಿದು ನೀರು ತೆಗೀದಿದ್ರೆ ಕೊಳೆತು ಹೋಗಲ್ವಾ? ಒಣಗಿಸಿಟ್ರೆ ವರ್ಷದ ಊಟ ಅದು. ಯಾಕಮ್ಮಾ, ಕುಸ್ಕೋಗೆ ಹೋದ ಮೇಲೆ ಅದೂ ಮರೆತುಹೋಯ್ತಾ?"

ಮರೆತೇ ಹೋಗಿತ್ತು. ಹತ್ತು ವರ್ಷದವಳಿದ್ದಾಗ ಅದೇ ಚಳಿಯಲ್ಲಿ ಬರಿಗಾಲಲ್ಲಿ ಆಲೂಗಡ್ಡೆ ತುಳಿದವಳು ಅವಳು. ಈಗ ಕುಸ್ಕೋ ಪಟ್ಟಣದ ಪ್ರವಾಸ ಕಚೇರಿಯಲ್ಲಿ ಕೂತು ಈ ಪ್ರವಾಸವನ್ನು ಆರು ತಿಂಗಳ ಹಿಂದೆಯೇ ಹೊಂದಿಸಿದ್ದಳು. ರೈಲು, ಡೇರೆ, ಅಡುಗೆ ಎಲ್ಲವನ್ನೂ ಲೆಕ್ಕ ಹಾಕಿದವಳಿಗೆ ಹಿಮದ ವಾರ ಮಾತ್ರ ಹೊಳೆಯಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಆರು ಜನಕ್ಕೆ ಹಂಚಿದ ಮೇಲೂ ಮೂವತ್ತು ಕಿಲೊ ಹೆಚ್ಚಿಗೆ ಉಳಿದಿತ್ತು. ನಿಯಮದಂತೆ ಒಬ್ಬನಿಗೆ ಇಪ್ಪತ್ತು ಕಿಲೊ ಮೀರುವಂತಿಲ್ಲ. ಯೆನಿ ಕಚೇರಿಯ ಯಜಮಾನ ಫೌಸ್ಟಿನೊಗೆ ಫೋನು ಮಾಡಿದಳು.

"ಅಯ್ಯೋ, ಇದಕ್ಕೆಲ್ಲ ಫೋನ್ ಮಾಡ್ತಾರಾ? ಯಾವಾಗಲೂ ಮಾಡೋ ಹಾಗೆ ಮಾಡಿ. ಬ್ರೌಲಿಯೊಗೆ ಗೊತ್ತು."

ಮಾರ್ಗದರ್ಶಿ ಬ್ರೌಲಿಯೊಗೆ ಗೊತ್ತಿತ್ತು. ಅವನಾಗಲೇ ಗಂಟುಗಳನ್ನು ಬಿಚ್ಚಿ, ಲಿಮಾದಿಂದ ಬಂದ ಆರು ಮಂದಿ ಪ್ರವಾಸಿಗರ ಕೈಗೆ ಒಂದೊಂದು ಪೊಟ್ಟಣ ಕೊಡುತ್ತಿದ್ದ. "ಗೇಟಿನಾಚೆಯ ಸೇತುವೆ ದಾಟೋವರೆಗೆ ಅಷ್ಟೇ, ಅಮ್ಮಾ. ಐದು ನಿಮಿಷ."

"ದಾಟಿದ ಮೇಲೆ?" ಯೆನಿ ಕೇಳಿದಳು.

"ದಾಟಿದ ಮೇಲೆ ಇವರು ವಾಪಸ್ ಕೊಡ್ತಾರೆ, ನಮ್ಮವರು ಹೊರ್ತಾರೆ. ಪ್ರವಾಸಿಗರ ಚೀಲ ಯಾರು ತೂಗ್ತಾರೆ?" ಬ್ರೌಲಿಯೊ ನಕ್ಕ. "ನಿಮ್ಮ ಹಾಳೆಯಲ್ಲಿ 'ತೂಕ ಸರಿ' ಅಂತ ಪ್ರತಿ ಸಲ ಹೇಗೆ ಬರುತ್ತೆ ಅಂದ್ಕೊಂಡಿದ್ರಿ?"

ಯೆನಿಯ ಕೆನ್ನೆಗೆ ಹೊಡೆದಂತಾಯಿತು. ಮೂರು ವರ್ಷದಿಂದ ಆ ಎರಡು ಪದ ಬರೆದವಳು ಅವಳೇ.

ಅವಳು ಮಾವನ ಬಳಿ ಕುಕ್ಕರಿಸಿದಳು. "ನಾಳೆ ಆ ದೊಡ್ಡ ಘಟ್ಟ ಹತ್ತೋದು ಈ ಕಾಲಲ್ಲೇನಾ? ಇಪ್ಪತ್ತೈದು ಕಿಲೊ ಹೊತ್ತು?"

"ಮೆಲ್ಲಗೆ ಮಾತಾಡೇ!" ಸತುರ್ನಿನೊ ಗದರಿದ. "ಮೂವತ್ತೂ ಹೊತ್ತಿದ್ದೀನಿ. ನೀನು ಗಲಾಟೆ ಮಾಡಿದ್ರೆ ಮುಂದಿನ ಸಲ ನನ್ನ ಕರೆಯಲ್ಲ. ಕಾಲು ನೋಯೋದು ನನಗೆ, ಸಂಕಟ ನಿನಗ್ಯಾಕೆ?"

"ಇಳಿಯುವಾಗ ಜಾರಿದ್ರೆ?"

ಅವನು ಮೊಣಕಾಲಿನ ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿದ.

ಹತ್ತೂ ಮುಕ್ಕಾಲು. ಯೆನಿ ಎದ್ದು ಪ್ರವಾಸಿಗರ ಕೈಯಿಂದ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದುಕೊಂಡು ಹೊರೆಗಳಿಗೇ ಸೇರಿಸಿದಳು. ಅದಕ್ಕೆ ಬದಲಾಗಿ ಹೊರೆಗಳಿಂದ ಮಡಚುವ ಮೇಜು, ಆರು ಕುರ್ಚಿ, ಊಟದ ಡೇರೆ, ಎಲ್ಲವನ್ನೂ ದಾರಿ ಬದಿಗೆ ಎಳೆದು ಹಾಕಿದಳು. ಸರಿಯಾಗಿ ಮೂವತ್ತು ಕಿಲೊ.

"ಇವು ಬರೋದಿಲ್ಲ."

ಗುಂಪಿನ ಹಿರಿಯರು ಎಲ್ವಿರಾ ಟೀಚರ್, ಅರವತ್ತು ದಾಟಿದವರು. ಅವರ ಮುಖ ಕೆಂಪಾಯಿತು. "ಇದೇನಮ್ಮಾ ಅನ್ಯಾಯ? ಒಂದು ವರ್ಷದಿಂದ ಕಾದಿದ್ದೀನಿ. ನನ್ನ ಸೊಂಟ ನೆಲದ ಮೇಲೆ ಕೂರೋಕೆ ಬಿಡಲ್ಲ ಅಂತ ಮೊದಲೇ ಹೇಳಿರಲಿಲ್ವಾ? ನೀವೇ ತಾನೇ ಒಪ್ಪಿಕೊಂಡಿದ್ದು?"

"ನಾನೇ ಒಪ್ಪಿಕೊಂಡಿದ್ದು. ತಪ್ಪು ನಂದೇ, ಮೇಡಂ. ಆದ್ರೆ ನಿಮ್ಮ ಕುರ್ಚಿ ಹೊರೋರು ಅವರು."

ಟೀಚರ್ ತಿರುಗಿ ನೋಡಿದರು. ಸತುರ್ನಿನೊ ನಾಚಿಕೊಂಡು ಮೊಣಕಾಲನ್ನು ಮಡಚಲು ಹೋಗಿ, ಆಗದೆ, ಹಾಗೇ ಚಾಚಿ ಕೂತ.

"ನಂಗೆ ಕೊಟ್ಟ ಪೊಟ್ಟಣ ಇವರ ಬೆನ್ನಿಗೇ ಹೋಗೋದು ಅಂತ ನೀವು ಹೇಳಲೇ ಇಲ್ವಲ್ಲಪ್ಪ," ಎಂದರು ಬ್ರೌಲಿಯೊಗೆ. ಅವನು ಗಡಿಯಾರ ನೋಡಿಕೊಂಡ.

"ನಾನು ಒಪ್ಪದಿದ್ರೆ?" ಟೀಚರ್ ಯೆನಿಯತ್ತ ತಿರುಗಿದರು.

"ಪರವಾನಗಿ ನನ್ನ ಕೈಯಲ್ಲಿದೆ," ಎಂದಳು ಯೆನಿ. "ಯಾರೂ ಹೋಗಲ್ಲ."

ಹೊರೆಯಾಳುಗಳು ಗೇಟಿನತ್ತಲೇ ನೋಡುತ್ತಿದ್ದರು. ಪ್ರವಾಸ ಮುರಿದರೆ ಅವರ ಕೂಲಿಯೂ ಮುರಿಯುತ್ತದೆಂದು ಯೆನಿಗೆ ಗೊತ್ತಿತ್ತು.

ಟೀಚರ್ ಕುರ್ಚಿಗಳ ರಾಶಿಯನ್ನೊಮ್ಮೆ, ಗೇಟನ್ನೊಮ್ಮೆ ನೋಡಿದರು.

"ಚಹಾನಾದ್ರೂ ಬಿಸಿ ಇರುತ್ತಾ?"

"ಇರುತ್ತೆ, ಮೇಡಂ."

"ಹಾಗಾದ್ರೆ ಕಲ್ಲಿನ ಮೇಲೆ ಕೂರ್ತೀನಿ. ನಡೀರಿ, ಹೊತ್ತಾಯ್ತು." ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

ಆರು ಹೊರೆಗಳು ತಕ್ಕಡಿಯೇರಿ ಇಳಿದವು. ಒಂದೂ ಇಪ್ಪತ್ತು ದಾಟಲಿಲ್ಲ. ಫೌಸ್ಟಿನೊನ ಫೋನು ಬಂತು. ಯೆನಿ ಎತ್ತಿದಳು.

"ಗುಂಪು ಹೊರಟಿದೆ, ಸಾರ್. ಮೇಜು, ಕುರ್ಚಿ, ಡೇರೆ ನನ್ನ ಹತ್ತಿರ ಇವೆ. ವ್ಯಾನ್ ಕಳಿಸಿ."

"ತಲೆ ನೆಟ್ಟಗಿದೆಯಾ ನಿಂಗೆ? ನಾಳೆಯಿಂದ ಕಚೇರಿಗೆ ಬರಬೇಡ!"

"ಆಯ್ತು, ಸಾರ್. ವ್ಯಾನ್ ಮಾತ್ರ ಕಳಿಸಿ."

ಹೀಗೆಂದವಳು ನದಿಯ ದಂಡೆಗೆ ಓಡಿದಳು. ಕಣ್ಣು ತುಂಬಿ ಬಂದಿತ್ತು, ಮುಂದೇನೆಂದು ಅವಳಿಗೇ ತಿಳಿಯದು. ಆಚೆ ಬದಿಯಲ್ಲಿ ಸತುರ್ನಿನೊ ಸೇತುವೆ ಇಳಿದ. ನಾಲ್ಕು ಹೆಜ್ಜೆ ನಡೆದು, ಎಷ್ಟೋ ವರ್ಷಗಳ ರೂಢಿಯಂತೆ ಹೊರೆಯನ್ನು ಕಲ್ಲಿಗೆ ಆನಿಸಿ ನಿಂತ. ಹಿಂದೆ ಬಂದ ಟೀಚರ್ ಕಡೆ ಪೊಟ್ಟಣಕ್ಕೆಂದು ಎರಡೂ ಕೈ ಚಾಚಿದ.

ಟೀಚರ್ ಅರ್ಥವಾಗದೆ ತಮ್ಮ ಬರಿಗೈ ತೋರಿಸಿದರು.

ಅವನು ಆ ಕೈಗಳನ್ನು ನೋಡಿದ, ತನ್ನವನ್ನೂ ನೋಡಿಕೊಂಡ. ಆಮೇಲೆ ಹಗ್ಗ ಸರಿಮಾಡಿಕೊಂಡು, ಕುಂಟುತ್ತಲೇ ಏರಿನತ್ತ ಹೊರಟ.