ಮೂರನೆಯ ಬಾಗಿಲು

"ಇನ್ನೊಂದು ಸುತ್ತು ಹಾಕಿ ಲೆಕ್ಕಣ್ಣ, ಸಡಿಲ ಬಿಡಬೇಡಿ," ಎಂದ ಮ್ಯಾನೇಜರು.

ಲೆಕ್ಕಣ್ಣ ಸರಪಳಿಯನ್ನು ಕಬ್ಬಿಣದ ಬಾಗಿಲಿನ ಎರಡೂ ಹಿಡಿಗಳಿಗೆ ಮತ್ತೊಮ್ಮೆ ಸುತ್ತಿ ಬೀಗ ಒತ್ತಿದ. ಚಿತ್ರಮಂದಿರದಿಂದ ಪಕ್ಕದ ಓಣಿಗೆ ತೆರೆಯುವ ಬಾಗಿಲುಗಳು ಮೂರು. ಎರಡಕ್ಕೆ ಆಗಲೇ ಬೀಗ ಬಿದ್ದಿತ್ತು. ಇದು ಮೂರನೆಯದು. ಇನ್ನು ಉಳಿದದ್ದು ಮುಂಬಾಗಿಲೊಂದೇ.

"ಒಳಗೆ ಜನ ಇದಾರಲ್ಲ ಸಾರ್."

"ಇರ್ಲಿ ಅಂತಾನೇ ಹಾಕ್ತಿರೋದು. ಇಂಟರ್ವಲ್‌ನಲ್ಲಿ ಎಷ್ಟು ಜನ ಎದ್ದು ಹೋದ್ರು, ನೋಡಿದ್ರಲ್ಲ? ಆಟ ಮುಗಿಯೋ ಹೊತ್ತಿಗೆ ಚಿತ್ರದವರು ಕ್ಯಾಮೆರಾ ತಗೊಂಡು ಬರ್ತಾರೆ. ಖಾಲಿ ಕುರ್ಚಿ ತೋರಿಸ್ಲಾ ಅವರಿಗೆ? ಇನ್ನು ಒಂದು ಗಂಟೆ ಅಷ್ಟೆ. ಯಾರಾದ್ರೂ ತಟ್ಟಿದ್ರೆ, ಕೊನೇ ಭಾಗ ಚೆನ್ನಾಗಿದೆ, ಕೂತ್ಕೊಳ್ಳಿ ಅನ್ನಿ."

ಮ್ಯಾನೇಜರು ಕೈ ಚಾಚಿದ. ಲೆಕ್ಕಣ್ಣ ಕೀಲಿಯನ್ನು ಅವನ ಕೈಗೆ ಹಾಕಿದ. ಬೀಗದ ಕೀಲಿ ಬಾಗಿಲು ಕಾಯುವವನ ಬಳಿ ಇರಕೂಡದು, ಕಚೇರಿಯವರ ಬಳಿಯೇ ಇರಬೇಕು. ಹಿಂದೊಮ್ಮೆ ಯಾರೋ ಪಕ್ಕದ ಬಾಗಿಲಿನಿಂದ ತಮ್ಮ ನೆಂಟರಿಷ್ಟರನ್ನು ಬಿಟ್ಟಿ ಒಳಗೆ ಬಿಟ್ಟಿದ್ದಾಗ ಈ ನಿಯಮವನ್ನು ಸೂಚಿಸಿದವನು ಲೆಕ್ಕಣ್ಣನೇ. ಮೂವತ್ತೊಂದು ವರ್ಷದ ಕೆಲಸದಲ್ಲಿ ಅವನು ಅದನ್ನು ಒಮ್ಮೆಯೂ ಮೀರಿರಲಿಲ್ಲ. ಕೀಲಿಗಳ ಗೊಂಚಲು ಮ್ಯಾನೇಜರ ಜೇಬು ಸೇರಿತು. ಚಿತ್ರದವರ ಕಾರು ದಾರಿ ತಪ್ಪಿ ಎಲ್ಲೋ ಸಿಕ್ಕಿಕೊಂಡಿದೆಯೆಂದು ಅವನು ದೊಡ್ಡ ರಸ್ತೆಯ ಕಡೆಗೆ ನಡೆದ.

ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ಎಣಿಸುವುದು ಲೆಕ್ಕಣ್ಣನ ಅಭ್ಯಾಸ. ಅದನ್ನು ಯಾರೂ ಹೇಳಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಹೆಸರು ಮಾತ್ರ ಅದರಿಂದಲೇ ಬಂದಿತ್ತು. ಈ ಆಟಕ್ಕೆ ಒಳಹೋದವರು ಐನೂರ ಹನ್ನೆರಡು ಮಂದಿ. ಎದ್ದು ಹೋದವರು ನೂರ ನಲವತ್ತೆಂಟು. ಒಳಗೆ ಉಳಿದವರು ಮುನ್ನೂರ ಅರವತ್ತನಾಲ್ಕು. ಅವರಲ್ಲಿ ಇಬ್ಬರು ಅವನ ಮಗಳು ಮತ್ತು ಐದು ವರ್ಷದ ಮೊಮ್ಮಗಳು.

ಬಿಡುಗಡೆಗೆ ಮೊದಲೇ ಐದಕ್ಕೆ ಐದು ನಕ್ಷತ್ರ ಪಡೆದ ಚಿತ್ರವದು. ಅದರ ನಾಯಕ ಹಾರಬಲ್ಲ, ಸಿಡಿಲನ್ನು ಹಿಡಿಯಬಲ್ಲ, ಉರಿಯುವ ನಗರವನ್ನು ಉಸಿರಿನಿಂದ ಆರಿಸಬಲ್ಲ. ಆದರೆ ಹೊಗಳಿಕೆಗೂ ತೆರೆಯ ಮೇಲೆ ಕಂಡದ್ದಕ್ಕೂ ಅಜಗಜಾಂತರವಿತ್ತು. ವಿರಾಮದಲ್ಲಿ ಹೊರಬಿದ್ದವನೊಬ್ಬ, "ಬೆಟ್ಟ ಅಗೆದು ಇಲಿ ಹಿಡಿದ್ರು. ಆ ಇಲಿಗೂ ರೆಕ್ಕೆ ಕಟ್ಟಿದಾರೆ," ಎಂದು ಹೇಳಿ ಹೋಗಿದ್ದ. ಚಿತ್ರದಲ್ಲಿ ಇಲ್ಲದ ಬಲವನ್ನು ಸದ್ದಿನಿಂದ ತುಂಬಲು ಹೊರಟವರಂತೆ, ಧ್ವನಿಯನ್ನು ಇಂತಿಷ್ಟಕ್ಕಿಂತ ಕಡಿಮೆ ಮಾಡಕೂಡದೆಂದು ಚಿತ್ರದವರು ಬರೆದು ಕಳಿಸಿದ್ದರು. ಮೂರು ದಿನದಿಂದ ಓಣಿಯ ಗೋಡೆ ಕೂಡ ನಡುಗುತ್ತಿತ್ತು.

ಅರ್ಧ ಗಂಟೆ ಕಳೆದ ಮೇಲೆ ಯಾರೋ ಒಳಗಿನಿಂದ ಬಾಗಿಲು ತಟ್ಟಿದರು. ಮೊದಲು ಮೆಲ್ಲಗೆ, ಆಮೇಲೆ ಅಂಗೈಯಿಂದ. ಏನೋ ಹೇಳಿದರು. ಸಿಡಿಮದ್ದಿನ ಅಬ್ಬರದಲ್ಲಿ ಮಾತು ಕೇಳಿಸಲಿಲ್ಲ.

ಲೆಕ್ಕಣ್ಣ ಬಾಗಿಲಿನ ಸಂದಿಗೆ ಬಾಯಿಟ್ಟು ಗಟ್ಟಿಯಾಗಿ, "ಕೊನೇ ಭಾಗ ಚೆನ್ನಾಗಿದೆ, ಕೂತ್ಕೊಳ್ಳಿ!" ಎಂದ.

ತಟ್ಟುವುದು ನಿಂತಿತು.

ಅವನು ಬಾಯಿ ಹಿಂದಕ್ಕೆ ತೆಗೆಯುವಾಗ ಸಂದಿಯಿಂದ ಒಂದು ವಾಸನೆ ಮೂಗಿಗೆ ಬಡಿಯಿತು. ಸುಟ್ಟ ರಬ್ಬರಿನ ವಾಸನೆ. ಸಂದಿಗೆ ಮೂಗು ಒತ್ತಿ ಮತ್ತೆ ಮೂಸಿ ನೋಡಿದ. ಅನುಮಾನವಿಲ್ಲ. ಓಣಿಯ ತುದಿಗೆ ಓಡಿ ಮುಂಭಾಗಕ್ಕೆ ಇಣುಕಿದ. ಮುಂಬಾಗಿಲಿನ ಪಕ್ಕದಲ್ಲಿ ಚಿತ್ರಮಂದಿರದ ವಿದ್ಯುತ್ ಫಲಕವಿದ್ದ ಸಣ್ಣ ಕೋಣೆ. ಅದರ ಬಾಗಿಲಿನ ಕೆಳಗಿನಿಂದ ಕಪ್ಪು ಹೊಗೆ ಹೊರಟು ಮುಂಬಾಗಿಲಿನೊಳಕ್ಕೆ ನುಗ್ಗುತ್ತಿತ್ತು. ಅಲ್ಲಿ ಕಾವಲಿಗೆ ನಿಲ್ಲಿಸಿದ್ದ ಮ್ಯಾನೇಜರ ಭಾಮೈದ ರಸ್ತೆಯ ಆಚೆ ನಿಂತು ಫೋನಿನಲ್ಲಿ ಕೂಗಾಡುತ್ತಿದ್ದ. ಒಳಗೆ ಒಬ್ಬರೂ ಕಿರುಚುತ್ತಿರಲಿಲ್ಲ. ತೆರೆಯ ಮೇಲೂ ಆಗ ನಗರ ಉರಿಯುತ್ತಿತ್ತು.

ನಾಲ್ಕು ಬಾಗಿಲಾದರೆ, ಬಾಗಿಲಿಗೆ ತೊಂಬತ್ತೊಂದು ಜನ. ಸೆಕೆಂಡಿಗೆ ಒಬ್ಬರಂತೆ ಒಂದೂವರೆ ನಿಮಿಷ. ಒಂದೇ ಬಾಗಿಲಾದರೆ ಆರು ನಿಮಿಷ. ಬಾಗಿಲೇ ಇಲ್ಲದಿದ್ದರೆ?

ಜೇಬಿಗೆ ಕೈ ಹಾಕಿದ. ಕೀಲಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಗೋಡೆಗೆ ತೂಗುಹಾಕಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕಿತ್ತುಕೊಂಡು ಬಂದು, ಬಾಗಿಲಿನ ಹಿಡಿಯ ಮೇಲೆ ಎತ್ತಿ ಬಡಿದ. ಅರವತ್ತೆರಡು ವರ್ಷದ ತೋಳು. ನಾಲ್ಕನೆಯ ಪೆಟ್ಟಿಗೆ ತಿರುಪುಗಳು ಸಡಿಲವಾದವು, ಏಳನೆಯದಕ್ಕೆ ಹಿಡಿ ಕಿತ್ತು ಬಂದು ಸರಪಳಿಯಲ್ಲಿ ಜೋತಾಡಿತು.

ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂದೆ ಮಗಳು ನಿಂತಿದ್ದಳು. ಸೊಂಟದ ಮೇಲೆ ಮಗು, ಮಗುವಿನ ಮೂಗಿಗೆ ಸೆರಗು.

"ಎಲ್ರೂ ಈ ಕಡೆ ಬನ್ನಿ! ನುಗ್ಗಬೇಡಿ!" ಎಂದು ಲೆಕ್ಕಣ್ಣ ಕೂಗಿದ. ಕೂಗುತ್ತಲೇ ಎಣಿಸಿದ. ಜನ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಹೊರಬಂದರು. ಒಬ್ಬ ಮುದುಕ, "ಇಡೀ ಸಿನಿಮಾದಲ್ಲಿ ನಿಜ ಅನ್ನಿಸಿದ್ದು ಆ ವಾಸನೆ ಒಂದೇ ಕಣಯ್ಯ," ಎಂದು ಅವನ ಹೆಗಲು ಹಿಡಿದು ದಾಟಿದ. ಮುನ್ನೂರ ಅರವತ್ತನಾಲ್ಕು. ಲೆಕ್ಕ ಸರಿಯಾಯಿತು. ಅಷ್ಟರಲ್ಲಿ ಯಾರೋ ವಿದ್ಯುತ್ತಿನ ಮುಖ್ಯ ಸಂಪರ್ಕ ಕಡಿದಿದ್ದರು. ಹೊಗೆ ತಾನಾಗಿ ತೆಳುವಾಯಿತು. ಸುಟ್ಟದ್ದು ಎರಡು ಮಾರು ತಂತಿ ಮಾತ್ರ.

ಓಣಿಯ ತುದಿಯಲ್ಲಿ ಕ್ಯಾಮೆರಾಗಳು ಬಂದು ನಿಂತಿದ್ದವು. ಮ್ಯಾನೇಜರು ಅವುಗಳ ಪಕ್ಕದಲ್ಲಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ, ಬಾಯಿ ಮಾತ್ರ ನಿಂತಿರಲಿಲ್ಲ. "ನೋಡಿ ಸಾರ್, ಜನ ಅಳ್ತಾ ಬರ್ತಿದಾರೆ. ಹೆಂಗಸರು, ಮುದುಕರು, ಎಲ್ರೂ. ತಗೊಳ್ಳಿ ಸಾರ್, ತಗೊಳ್ಳಿ."

ಮಗಳು ಗೋಡೆಗೊರಗಿ ಕುಳಿತಿದ್ದಳು. ಲೆಕ್ಕಣ್ಣ ನೀರು ತಂದುಕೊಟ್ಟ.

"ಪಾಪುಗೆ ಬೇಜಾರಾಗಿ ಅಳ್ತಿತ್ತು, ಅದಕ್ಕೇ ಬಾಗಿಲು ತಟ್ಟಿದ್ದೆ," ಎಂದಳು. ಒಂದು ಗುಟುಕು ಕುಡಿದಳು. "ಕೊನೇ ಭಾಗ ಚೆನ್ನಾಗಿದೆ ಅಂದೋರು ಯಾರಪ್ಪ?"

ಲೆಕ್ಕಣ್ಣ ಮಗುವಿನ ಕಡೆಗೆ ಕೈ ಚಾಚಿದ.

"ನಿನ್ನ ಧ್ವನಿ ಥರಾನೇ ಇತ್ತು," ಎಂದಳು. ಮಗುವನ್ನು ಎತ್ತಿಕೊಂಡು, ಅವನು ಚಾಚಿದ ಕೈಗೆ ಕೊಡದೆ, ಮನೆಯ ದಾರಿ ಹಿಡಿದಳು.

ಮರುದಿನ ಬೆಳಗಿನ ಆಟಕ್ಕೆ ಮುಂಚೆಯೇ ಎಲ್ಲ ಫೋನುಗಳಲ್ಲಿ ಆ ದೃಶ್ಯ ಓಡಾಡುತ್ತಿತ್ತು. ಓಣಿಯಿಂದ ಕಣ್ಣೊರೆಸಿಕೊಳ್ಳುತ್ತ ಹೊರಬರುವ ಜನ, ಹಿನ್ನೆಲೆಯಲ್ಲಿ ಚಿತ್ರದ ಸಂಗೀತ, ಕೆಳಗೆ ದಪ್ಪಕ್ಷರದಲ್ಲಿ "ಅಳದೆ ಹೊರಬಂದವರಿಲ್ಲ". ಆರುನೂರ ನಲವತ್ತು ಕುರ್ಚಿಗಳೂ ತುಂಬಿದವು. ಸಾಲು ಓಣಿಯ ಒಳಗಿನವರೆಗೂ ಬೆಳೆಯಿತು.

"ತಂತಿ ಬದಲಾಯಿಸಿದೀವಿ, ಇನ್ನೇನೂ ಆಗಲ್ಲ," ಎಂದ ಮ್ಯಾನೇಜರು. "ಇಂಟರ್ವಲ್ ಆದ್ಮೇಲೆ ಇವತ್ತೂ ಸರಪಳಿ ಹಾಕ್ಬೇಕಲ್ಲ. ತಿರುಪಿನ ಹಿಡಿ ನಂಬೋಕಾಗಲ್ಲ, ಬೆಸುಗೆ ಹಾಕಿಸ್ತಿದೀನಿ. ನಿಮಗೆ ಆಗಲ್ಲ ಅಂದ್ರೆ ಹೇಳಿ ಲೆಕ್ಕಣ್ಣ, ಬೇರೆಯವರನ್ನ ನೋಡ್ತೀನಿ."

ತಾನು ಬಿಟ್ಟು ಬೇರೆಯವನು ಬಂದರೆ, ಅವನು ಎಣಿಸುವುದಿಲ್ಲ. ಲೆಕ್ಕಣ್ಣ ರಾತ್ರಿಯಿಡೀ ಇದನ್ನೇ ಯೋಚಿಸಿದ್ದ. ಅದು ಕಾರಣವೋ ನೆಪವೋ ಅವನಿಗೆ ಬಗೆಹರಿದಿರಲಿಲ್ಲ.

ಬೆಸುಗೆಯವನು ಹಳೆಯ ಹಿಡಿಯ ಜಾಗದಲ್ಲಿ ದಪ್ಪ ಕಬ್ಬಿಣದ ಬಳೆಯೊಂದನ್ನು ಮೂರನೆಯ ಬಾಗಿಲಿಗೆ ಒತ್ತಿ ಹಿಡಿದ. ಒಂದೇ ಕೈಗೆ ಅದು ನಿಲ್ಲಲಿಲ್ಲ.

"ಯಜಮಾನ್ರೇ, ಸ್ವಲ್ಪ ಹಿಡ್ಕೊಳ್ತೀರಾ? ಅಲ್ಲಾಡಬಾರದು."

ಲೆಕ್ಕಣ್ಣ ಇಕ್ಕಳ ತೆಗೆದುಕೊಂಡು ಎರಡೂ ಕೈಯಿಂದ ಹಿಡಿದ.

"ಕಣ್ಣು ಮುಚ್ಚಿ," ಎಂದ ಬೆಸುಗೆಯವನು, ತನ್ನ ಕಪ್ಪು ಗಾಜನ್ನು ಮುಖಕ್ಕೆ ಇಳಿಸಿಕೊಳ್ಳುತ್ತ. ಸಾಲಿನಲ್ಲಿದ್ದ ತಾಯಂದಿರು ಮಕ್ಕಳ ಮುಖವನ್ನು ಆಚೆ ತಿರುಗಿಸಿದರು. ನೀಲಿ ಬೆಳಕು ಚಟಚಟನೆ ಹೊತ್ತಿತು. ಇಕ್ಕಳದ ಕಬ್ಬಿಣ ನಿಧಾನವಾಗಿ ಬಿಸಿಯಾಗತೊಡಗಿತು.