ಚೆಂಡು ಯಾರದು

ಗೋಲಿನ ಬಲೆಯ ನೆರಳು ಎರೆಮಣ್ಣಿನ ಮೇಲೆ ಹರಡಿ ಆಕೆಯ ಬೂಟಿನ ತುದಿಯವರೆಗೂ ಬಂದಿದೆ, ಗಾಳಿ ಬಂದಾಗೊಮ್ಮೆ ಸಣ್ಣಗೆ ನಡುಗುತ್ತದೆ, ನಡುಗುವುದು ಬಲೆಯೋ ತಾನೋ ಎಂದು ದಾನೇಶ್ವರಿಗೆ ಒಂದು ಗಳಿಗೆ ಅನುಮಾನ — ಯಾರಿಗೂ ಹೇಳುವ ಮಾತಲ್ಲ, ಆದರೆ ಬೆಳಿಗ್ಗೆಯಿಂದ ಆಕೆಯ ಮನಸ್ಸು ಒಂದನ್ನೇ ಬೇಡಿಕೊಳ್ಳುತ್ತಿದೆ, ಚೆಂಡು ಈ ಕಡೆ ಬರದಿರಲಿ, ಗೋಲ್‌ಕೀಪರ್ ಆದವಳು ಹೀಗೆ ಬೇಡುವುದೆಂದರೆ ಖಾನಾವಳಿ ಇಟ್ಟವಳು ಯಾರಿಗೂ ಹಸಿವಾಗದಿರಲಿ ಎಂದಂತೆ, ನಗು ಬಂತು, ಗ್ಲೌಸಿನ ಪಟ್ಟಿ ಬಿಗಿದುಕೊಂಡಳು. ಹಿಡಿಯುವುದಕ್ಕೆ ಹೆದರಿಕೆಯಿಲ್ಲ, ಬಿ.ಎ. ಕಡೆಯ ವರ್ಷದ ಎನ್ನೆಸ್ಸೆಸ್ ಶಿಬಿರದಲ್ಲಿ ಟೆಂಪೋದ ಮೇಲಿನಿಂದ ಎಸೆದ ಕಲ್ಲಂಗಡಿಗಳಲ್ಲಿ ಒಂದನ್ನೂ ನೆಲಕ್ಕೆ ಬಿಡದೆ ಹಿಡಿದವಳು ತಾನು, ಅದನ್ನು ಕಂಡೇ ಅಲ್ಲವೇ ಆಟದ ಮಾಸ್ತರು ಗೌರೀಶ ಸರ್, ಯಾರವಾ ಈಕಿ, ಎಂ.ಎ.ನೂ ಇಲ್ಲೇ ಮಾಡವಾ, ಇಂಥಾ ಕೈ ನಾ ಬ್ಯಾರೆ ಕಾಲೇಜಿಗೆ ಬಿಟ್ಟುಕೊಡಂಗಿಲ್ಲ ಅಂದದ್ದು — ಹೆದರಿಕೆ ಇರುವುದು ಬಾಯಿಗೆ. ಚೆಂಡು ಮೇಲಿನಿಂದ ಬಂದಾಗ ಕೀಪರ್ ನಂದು ಎಂದು ಕೂಗಬೇಕು, ಕೂಗಿದರೆ ಉಳಿದವರು ಸರಿದು ದಾರಿ ಬಿಡುತ್ತಾರೆ, ಅಷ್ಟೇ. ಡೈರಿಯಲ್ಲಿ ಎಷ್ಟು ಜೋರಾಗಿ ಮಾತಾಡುತ್ತಾಳೆ, ಹಾಳೆಯ ಆಚೆ ಬದಿಗೂ ಅಕ್ಷರ ಮೂಡುವಷ್ಟು, ಆದರೆ ಬಾಯಿಬಿಟ್ಟು ನಂದು ಎಂದದ್ದು ನೆನಪೇ ಇಲ್ಲ, ಬಸ್ಸಿನಲ್ಲಿ ಕಿಟಕಿಯ ಸೀಟು, ಹಬ್ಬದ ಹೊಸ ದುಪಟ್ಟಾ, ಗಡಿಗೆಯ ಮೇಲಿನ ಕೆನೆಮೊಸರು, ಎಲ್ಲಕ್ಕೂ ನೀವ ತಗೋರಿ, ನೀವ ತಗೋರಿ, ಭಾಳ ಶಾಣ್ಯಾಕಿ ಎಂದು ಓಣಿಯವರು ಹೊಗಳಿದ್ದೂ ಅದಕ್ಕೇ.

ಈ ಸಲವೋ ಸೀಸನ್ ಶುರುವಾಗುವ ಮೊದಲೇ ಊರು ಗೆದ್ದುಬಿಟ್ಟಿತ್ತು, ಹೋದ ವರ್ಷ ಫುಟ್‌ಬಾಲ್ ಫೈನಲಿನಲ್ಲಿ ಸೋತ ಕಾಲೇಜಿನ ಹುಡುಗಿಯರು ಈ ವರ್ಷ ಕಪ್ ತರದೇ ಇರುತ್ತಾರೆಯೇ, ಅಣ್ಣಿಗೇರಿ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಬಂತು, ಅದರಲ್ಲಿ ಆಕೆಯ ಅರ್ಧ ಮುಖ ಕ್ಯಾಪ್ಟನ್ ಮುಸರತಳ ಹೆಗಲಿನ ಹಿಂದೆ, ಪ್ರಿನ್ಸಿಪಾಲರು ಕಪಾಟಿನಲ್ಲಿ ಜಾಗ ಮಾಡಿಸಿ ಗಾಜು ಒರೆಸಿಟ್ಟರು, ಗಿರ್ಮಿಟ್ ಅಂಗಡಿಯ ಮಶಾಕಸಾಬ ಕಾಕಾ, ಕಪ್ ತರ್ರೆವಾ, ಊರಿಗೆಲ್ಲಾ ಗಿರ್ಮಿಟ್ ಪುಕ್ಕಟ, ತರಲಿಲ್ಲಂದ್ರ ನಿಮಗ ಬರೇ ಮೆಣಸಿನಕಾಯಿ ತಿನಸ್ತೀನಿ ಅಂದ, ಈಗ ಅಂಗಡಿ ಮುಚ್ಚಿ ಬಂದು ಗೆರೆಯ ಬಾಜು ನಿಂತಿದ್ದಾನೆ, ಕೂತರೆ ಸೋಲುತ್ತೇವೆಂದು ಒಮ್ಮೆಯೂ ಕೂತಿಲ್ಲ. ಇವತ್ತು ಮತ್ತೆ ಫೈನಲ್, ಒಂದು ಗೋಲು ಮುಂದಿದ್ದೇವೆ, ಇನ್ನು ಸ್ವಲ್ಪ ಹೊತ್ತು, ಬರದಿರಲಿ — ಆದರೆ ನವಲಗುಂದದ ಲೀಗ್ ಆಟದಲ್ಲಿ ಬಂದಿತ್ತಲ್ಲ, ಬಿಸಿಲಿಗೆ ಅಡ್ಡವಾಗಿ ಒಂದು ಕರಿ ಚುಕ್ಕಿ, ತಿರುಗುತ್ತ, ಇಳಿಯಲು ಮನಸ್ಸಿಲ್ಲದಂತೆ ಮೇಲೇ ನಿಂತದ್ದು, ಕೆಳಗೆ ತಾನು, ಬದಿಗೆ ಮುಸರತ್, ತಾನು ಆಕೆಯ ಮುಖ ನೋಡಿ ನೀವ ತಗೋರಿ ಅಕ್ಕಾ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದದ್ದು, ಕೀಪರಿನ ಚೆಂಡೆಂದು ಆಕೆಯೂ ಸರಿದದ್ದು, ಇಬ್ಬರ ನಡುವೆ ಬಿದ್ದ ಚೆಂಡು ಒಂದು ಸಲ ಪುಟಿದು ಸಾವಕಾಶವಾಗಿ ಗೋಲಿನೊಳಗೆ ಹೋದದ್ದು. ಗೆಲ್ಲುವ ಆಟ ಡ್ರಾ ಆಯಿತು. ಗೌರೀಶ ಸರ್ ಬೈಯಲಿಲ್ಲ, ತಲೆಯ ಮೇಲೆ ಕೈಹೊತ್ತು ಕೂತರು, ಕಡೀ ಹೋಳಿಗಿ ಮುಂದ ಕುಂತ ಬೀಗರ ಗತೆ ಮಾಡಿದ್ರಲ್ಲವಾ, ನೀವು ಮರ್ಯಾದಿ ಮಾಡೂದ್ರಾಗ ಮೂರನೇದವರು ಉಂಡು ಹೋದ್ರು! ವಾಪಸ್ಸು ಬರುವಾಗ ಬಸ್ಸಿನಲ್ಲಿ ಮುಸರತ್ ಹೊಟ್ಟೆ ಹಿಡಿದುಕೊಂಡು ನಕ್ಕಳು, ಏ ದಾನೀ, ನಾ ಏನು ನಿಮ್ಮ ಮನಿಗೆ ಊಟಕ್ಕ ಬಂದಿದ್ನೇನಬೇ? ತಾನೂ ನಕ್ಕಿದ್ದಳು, ನಗುತ್ತ ನಗುತ್ತ ಕಣ್ಣಲ್ಲಿ ನೀರು, ಕಿಟಕಿಯ ಕಡೆ ತಿರುಗಿದರೆ ಅಲ್ಲೂ ಆಕಾಶದಲ್ಲಿ ಅದೇ ಕರಿ ಚುಕ್ಕಿ, ತಿರುಗುತ್ತ.

ಆ ಸುದ್ದಿ ಕೇಳಿಯೇ ಅಜ್ಜಿ ಶಾರದವ್ವ ಶಲವಡಿಯ ಜೋಳದ ಹೊಲಕ್ಕೆ ಎಳೆದುಕೊಂಡು ಹೋದದ್ದು, ತೆನೆಗೆ ಹಾಲು ತುಂಬಿತ್ತು, ಕೂಗು, ಹಕ್ಕಿ ಓಡಿಸು, ಇಲ್ಲೆ ನಿನ್ನ ಯಾರ ಕೇಳ್ತಾರ? ಬಾಯಿ ತೆರೆದರೆ ಬಿಕ್ಕಳಿಕೆಯಂಥದೊಂದು ಹೊರಬಿತ್ತು, ಒಂದು ಗಿಳಿ ಕತ್ತು ಓರೆ ಮಾಡಿ ನೋಡಿ ಮತ್ತೆ ತೆನೆಗೆ ಬಾಯಿ ಹಾಕಿತು, ಅಯ್ಯ ನಮ್ಮವ್ವ, ಅದಕ್ಕೂ ನೀವ ತಗೋರಿ ಅಂದೇನ? ಆಮೇಲಿನ ಆಟಗಳಲ್ಲಿ ಮುಸರತಳೇ ಎಲ್ಲ ಚೆಂಡಿಗೂ ಹಾರಿದಳು, ಬಂದದ್ದನ್ನೆಲ್ಲ ತಲೆಯಿಂದ ಹೊಡೆದು ಆಚೆ ಕಳಿಸಿದಳು, ತಂಡ ಗೆಲ್ಲುತ್ತ ಫೈನಲಿಗೆ ಬಂತು, ದಾನೇಶ್ವರಿಯ ಬಾಯಿಗೆ ಕೆಲಸವೇ ಬೀಳಲಿಲ್ಲ — ಇವತ್ತು ಮಾತ್ರ ಮುಸರತ್ ಕುಂಟುತ್ತಿದ್ದಾಳೆ, ಪಾದದ ಗಂಟು ಬಾತಿದೆ, ಹೊರಗೆ ಬಾ ಎಂದರೆ ಬರಲೊಲ್ಲಳು, ಸೀಟಿ ಕೇಳಿತು, ಕಾರ್ನರ್, ಎದುರಿನವರ ಎತ್ತರದ ಹುಡುಗಿಯರೆಲ್ಲ ಗೋಲಿನ ಮುಂದೆ ಬಂದು ನಿಂತರು, ಬೆವರಿನ ವಾಸನೆ, ಧೂಳು, ಮುಸರತ್ ಹೊರಳಿ ನೋಡಿದಳು, ದಾನೀ, ಕಾಲು ಏಳವಲ್ದು, ಆದ್ರ ನೀ ಸುಮ್ಮನ ನಿಂತ್ರ ನಾ ಹಾರಾಕಿನ ಮತ್ತ. ಹಾರುತ್ತಾಳೆ, ಈಕೆ ಹಾರಿಯೇ ಹಾರುತ್ತಾಳೆ, ಅದೇ ಕಾಲಿನ ಮೇಲೆ ಬೀಳುತ್ತಾಳೆ, ತನ್ನ ಮೌನಕ್ಕೆ ಆಕೆಯ ಕಾಲು — ಚೆಂಡು ಎದ್ದಿತು, ಮಶಾಕಸಾಬ ಕಾಕಾನ ಬಾಯಿ ತೆರೆದೇ ಉಳಿಯಿತು, ಮುಸರತ್ ಮೊಣಕಾಲು ಬಗ್ಗಿಸುತ್ತಿದ್ದಾಳೆ, ತನ್ನ ಕಾಲುಗಳು ಆಗಲೇ ಮುಂದಕ್ಕೆ ಹೋಗಿವೆ, ಕೈಗೆ ಗೊತ್ತಿದೆ, ಎಲ್ಲಿ ಇಳಿಯುತ್ತದೆಂದು ಕೈಗೆ ಮೊದಲೇ ಗೊತ್ತಿದೆ, ಮೇಲೆ ಬಿಸಿಲಿಗೆ ಅಡ್ಡವಾಗಿ ಕರಿ ಚುಕ್ಕಿ, ತಿರುಗುತ್ತ, ದೊಡ್ಡದಾಗುತ್ತ, ಹೊಲಿಗೆ ಕಾಣುವಷ್ಟು, ಅಂಟಿದ ಮಣ್ಣು ಕಾಣುವಷ್ಟು ಹತ್ತಿರ, ಕರಿ ಚುಕ್ಕಿ, ಕರಿ ಚುಕ್ಕಿ —

ನಂದು! ಸರಿ ಬೇ ಮುಸರತ್, ನಂದೈತಿ ಅದು!